ದೋಸೆ ಕಾವಲಿ ಮುಂದೆ ನಿಂತು ನಿಂತು ಕಾಲಿನ ನರ ಉಬ್ಬಿದೆ, ಎರಡೂ ಕಾಲಿಗೆ ಲೇಸರ್ ಬೇಕಾ?

ಕಾವಲಿ_ಬೈಂದೂರು:
ಮಾಟುಂಗಾದ ಹೋಟೆಲೊಂದರಲ್ಲಿ ದೋಸೆ ಹುಯ್ಯೋ ಕೆಲಸ ನಂದು. ಬೆಳಿಗ್ಗೆ ಕಾವಲಿ ಹತ್ತಿಸಿದರೆ ಊಟದ ಹೊತ್ತಿನವರೆಗೂ ನಿಂತಲ್ಲೇ, ಸಂಜೆ ಮತ್ತೆ ಅದೇ. ಎಡಗಾಲಿನ ಮೀನಖಂಡದ ಒಳಬದಿಯಲ್ಲಿ ನರ ಗಂಟು ಗಂಟಾಗಿ ಎದ್ದಿದೆ. ರಾತ್ರಿ ಪಾದ ಊದಿ ಚಪ್ಪಲಿ ಬಿಗಿಯಾಗತ್ತೆ, ಮಲಗಿ ಎದ್ದರೆ ಇಳಿದಿರತ್ತೆ. ಇತ್ತೀಚೆಗೆ ಹರಡಿನ ಮೇಲೆ ಚರ್ಮ ಕಾಫಿ ಬಣ್ಣಕ್ಕೆ ತಿರುಗಿ ತುರಿಕೆ ಶುರುವಾಗಿದೆ. ಬಲಗಾಲಲ್ಲಿ ಸಣ್ಣ ನೀಲಿ ಗೆರೆ ಬಿಟ್ಟರೆ ಏನಿಲ್ಲ.

ಸ್ಟೇಷನ್ ಹತ್ತಿರದ ಕ್ಲಿನಿಕ್ಕಿನಲ್ಲಿ ಮಲಗಿಸಿ ಬೇಗ ಬೇಗ ಸ್ಕ್ಯಾನ್ ಮಾಡಿ, ಎರಡೂ ಕಾಲಿಗೆ ಲೇಸರ್ ಆಗಬೇಕು, ಈ ವಾರ ದುಡ್ಡು ಕಟ್ಟಿದರೆ ರಿಯಾಯಿತಿ ಅಂದರು. ಇದೇನು ಆಷಾಢದ ಸೀರೆ ಸೇಲಾ? ಊರಿಂದ ಅಮ್ಮ "ಕೆಟ್ಟ ರಕ್ತ ಕಟ್ಟಿದೆ, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕು" ಅಂತಿದ್ದಾರೆ. ಕೆಲಸ ಬಿಡೋ ಹಾಗಿಲ್ಲ. ಗೊತ್ತಿದ್ದವರು ಹೇಳಿ.

ಡೊಂಬಿವ್ಲಿ_ರೈ:
ಇನ್ಶೂರೆನ್ಸ್ ಇದ್ದರೆ ಮೊದಲು ಪಾಲಿಸಿ ಓದಿ. ವೇರಿಕೋಸ್ ವೇನ್ಸ್‌ಗೆ (ಹೀಗೆ ಕಾಲಿನ ನರ ಉಬ್ಬೋ ಕಾಯಿಲೆಗೆ) ಎರಡು ವರ್ಷ ಕಾಯಬೇಕು ಅಂತ ಹಲವು ಪಾಲಿಸಿಗಳಲ್ಲಿ ಸಣ್ಣ ಅಕ್ಷರದಲ್ಲಿ ಇರತ್ತೆ.

ಮಾಜಿ_ಸಿಸ್ಟರ್_ಮುಲುಂಡ್:
ಸರ್ಜಿಕಲ್ ವಾರ್ಡಿನಲ್ಲಿ ಕೂದಲು ಹಣ್ಣಾದವಳು ನಾನು. ಹೋಟೆಲಿನವರು, ಟ್ರಾಫಿಕ್ ಪೊಲೀಸರು, ಟೀಚರುಗಳು, ಎಲ್ಲರ ಕಾಲೂ ನೋಡಿದ್ದೇನೆ.

ರಕ್ತ ಕೆಟ್ಟಿಲ್ಲ ತಮ್ಮಾ, ಅಮ್ಮನಿಗೆ ಹೇಳು. ಕಾಲಿನ ರಕ್ತ ಮೇಲೆ ಹತ್ತಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ಹತ್ತಿದ್ದು ಕೆಳಗೆ ಜಾರದ ಹಾಗೆ ಅಭಿಧಮನಿಯೊಳಗೆ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯೋ ನಾಳ, ನೀನು ನರ ಅಂದಿದ್ದು ಇದನ್ನೇ) ಕವಾಟಗಳಿವೆ. ಅವು ಸಡಿಲವಾದರೆ ರಕ್ತ ಹಿಂದಕ್ಕೆ ಬಂದು ನಿಲ್ಲತ್ತೆ, ನಾಳ ಹಿಗ್ಗತ್ತೆ. ಮನೆತನದಲ್ಲಿ ಇದ್ದರೆ ಬೇಗ ಬರತ್ತೆ. ನಡೆಯುವವನಿಗಿಂತ ಅಲ್ಲಾಡದೆ ನಿಂತವನಿಗೆ ಕಷ್ಟ ಜಾಸ್ತಿ, ನಿನ್ನ ಕೆಲಸ ಅಂಥದ್ದೇ.

ನನಗೆ ಚಿಂತೆ ಆಗಿದ್ದು ಆ ಕಾಫಿ ಬಣ್ಣ. ಒತ್ತಡಕ್ಕೆ ರಕ್ತಕಣ ಹೊರಗೆ ಸೋರಿ, ಅದರ ಕಬ್ಬಿಣ ಚರ್ಮದಲ್ಲಿ ಉಳಿದು ಬರೋ ಬಣ್ಣ ಅದು. ಮುಂದಿನ ಹಂತ ಹರಡಿನ ಹತ್ತಿರ ಹುಣ್ಣು, ಒಮ್ಮೆ ಆದರೆ ತಿಂಗಳುಗಟ್ಟಲೆ ಮಾಗಲ್ಲ. ಹಾಗಾಗಿ ಎಡಗಾಲನ್ನು ಮುಂದೂಡಬೇಡ. ಬಲಗಾಲಿಗೆ ಬರೀ ನೀಲಿ ಗೆರೆ ನೋಡಿ ಲೇಸರ್ ಅಂದರೆ ನಾನಂತೂ ಒಪ್ಪಲ್ಲ.

ಕೆಇಎಂ ಅಥವಾ ಸಾಯನ್ ಆಸ್ಪತ್ರೆಯ ಸರ್ಜರಿ ಓಪಿಡಿಗೆ ಹೋಗು. ಕ್ಯೂ ಉದ್ದ ಇರತ್ತೆ, ಸಹಿಸಿಕೋ. ಕಲರ್ ಡಾಪ್ಲರ್, ಅಂದರೆ ರಕ್ತ ಹರಿಯೋದನ್ನು ತೋರಿಸೋ ಸ್ಕ್ಯಾನ್, ನಿನ್ನನ್ನು ನಿಂತುಕೊಳ್ಳೋಕೆ ಹೇಳಿಯೇ ಮಾಡಬೇಕು ಅಂತ ಕೇಳು. ಮೀನಖಂಡ ಹಿಂಡಿ ಬಿಟ್ಟಾಗ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಅಂತ ಲೆಕ್ಕ. ಮಲಗಿಸಿ ನೋಡಿದರೆ ಇದು ಸರಿಯಾಗಿ ಸಿಗಲ್ಲ. ಆಳದ ನಾಳಗಳು ತೆರೆದಿವೆಯಾ ಅಂತಲೂ ನೋಡಬೇಕು. ಕಾಲಿನ ರಕ್ತದಲ್ಲಿ ನೂರಕ್ಕೆ ಸುಮಾರು 90 ಪಾಲು ಅಲ್ಲಿಂದಲೇ ಹೋಗೋದು. ಚರ್ಮದ ಹತ್ತಿರದ ನಾಳ ಮುಚ್ಚಿದರೂ ಕಾಲು ಉಳಿಯೋದು ಅದಕ್ಕೇ.

ಎಣ್ಣೆ ಹಚ್ಚು, ಚರ್ಮ ಒಣಗಲ್ಲ. ಗಟ್ಟಿಯಾಗಿ ತಿಕ್ಕಬೇಡ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋವು ಬಂದರೆ ಆಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಸು. ಗಂಟು ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗಿ ಮೇಲೆ ಹಗ್ಗ ಕಟ್ಟಬೇಡ. ಮಲಗಿ, ಕಾಲೆತ್ತಿ, ಶುದ್ಧ ಬಟ್ಟೆಯಿಂದ ಅಲ್ಲೇ ಒತ್ತಿ ಹಿಡಿ.

ಕಾವಲಿ_ಬೈಂದೂರು:
ಅಕ್ಕಾ, ತುಂಬಾ ಉಪಕಾರ. ಬಿಗಿ ಸ್ಟಾಕಿಂಗ್ಸ್ ಹಾಕು ಅಂತಾರೆ. ಕಾವಲಿ ಶಾಖ, ಮೇ ತಿಂಗಳ ಮುಂಬೈ ಬೆವರು, ಅದರ ಮೇಲೆ ಇದೊಂದಾ? ಲೇಸರ್ ಆದರೆ ಎಷ್ಟು ರಜೆ ಬೇಕು?

ಮಾಜಿ_ಸಿಸ್ಟರ್_ಮುಲುಂಡ್:
ಬೆರಳು ತೆರೆದಿರೋ, ಮೊಣಕಾಲಿನ ಕೆಳಗೆ ನಿಲ್ಲೋದು ತಗೋ. ಸಾಮಾನ್ಯವಾಗಿ ಕ್ಲಾಸ್ 2 ಬರೆದುಕೊಡುತ್ತಾರೆ, ಹರಡಿನ ಹತ್ತಿರ ಒತ್ತಡ 23ರಿಂದ 32 ಮಿಮೀ ಪಾದರಸ. ಬೆಳಿಗ್ಗೆ ಕಾಲು ಊದುವ ಮೊದಲೇ ಅಳತೆ ಕೊಡು. ದಿನಾ ಹಾಸಿಗೆಯಿಂದ ಇಳಿಯೋ ಮೊದಲೇ ಹಾಕು, ರಾತ್ರಿ ತೆಗಿ. ಮಡಚಿಕೊಂಡು ಸುತ್ತಿದರೆ ಅಲ್ಲೇ ಕೊರೆಯತ್ತೆ. ಹಿಂಡದೆ ನೆರಳಲ್ಲಿ ಒಣಗಿಸು, ಮಳೆಗಾಲಕ್ಕೆ ಎರಡು ಜೊತೆ ಇರಲಿ. ಆದರೆ ಸಕ್ಕರೆ ಕಾಯಿಲೆಯೋ ಬೀಡಿ ಚಟವೋ ಇದ್ದರೆ ಪಾದದ ನಾಡಿ ಪರೀಕ್ಷೆ ಆಗದೆ ಹಾಕಬೇಡ. ಧಮನಿ (ಕಾಲಿಗೆ ರಕ್ತ ತರೋ ನಾಳ) ಮೊದಲೇ ಕಿರಿದಾಗಿದ್ದರೆ ಬಿಗಿ ಕಟ್ಟಿದ್ದು ತೊಂದರೆ.

ಒಂದು ದೋಸೆ ಕೆಂಪಾಗೋವಷ್ಟು ಹೊತ್ತು ಹಿಮ್ಮಡಿ ಎತ್ತಿ ಇಳಿಸು, ಮುಂದಿನ ದೋಸೆಗೆ ಮತ್ತೆ. ಮಧ್ಯಾಹ್ನ ಮಲಗುವಾಗ ಕಾಲು ಎದೆಗಿಂತ ಮೇಲಿರಲಿ. ಕೆಟ್ಟ ಕವಾಟ ಇದರಿಂದ ರಿಪೇರಿ ಆಗಲ್ಲ, ಊತ ನೋವು ತಗ್ಗತ್ತೆ.

ಲೇಸರ್‌ನಲ್ಲಿ ನಾಳದೊಳಗೆ ಸಣ್ಣ ತಂತಿ ತೂರಿಸಿ ಶಾಖದಿಂದ ಮುಚ್ಚುತ್ತಾರೆ. ಅದೇ ದಿನ ನಡೆಸಿ ಮನೆಗೆ ಕಳಿಸೋದು ವಾಡಿಕೆ. ನಿಂತು ಮಾಡೋ ಕೆಲಸಕ್ಕೆ ಒಂದು ವಾರವಾದರೂ ಬಿಡು, ಡಾಕ್ಟರು ಹೇಳಿದ್ದೇ ಅಂತಿಮ. ಆ ಹೊತ್ತಿಗೆ ತುಂಬಾ ಹೊತ್ತು ಕೂತು ಪ್ರಯಾಣ ಬೇಡ, ಊರಿನ ಬಸ್ ಟಿಕೆಟ್ ಇದ್ದರೆ ಸದ್ಯಕ್ಕೆ ಕ್ಯಾನ್ಸಲ್ ಮಾಡು. ಡಾಪ್ಲರ್ ರಿಪೋರ್ಟ್ ಬಂದ ಮೇಲೆ ಹೆಸರು ಅಳಿಸಿ ಇಲ್ಲಿ ಹಾಕು, ಓದಿ ಹೇಳ್ತೀನಿ.