ದೊಡ್ಡಪ್ಪನ ಬಯಾಪ್ಸಿ: ಮನೆ ಗುಂಪಿನ ಮಾತುಕತೆ

ತಿಪಟೂರು ಮಾವ: *ಫಾರ್ವರ್ಡ್ ಆಗಿ ಬಂದದ್ದು* ಲಿವರ್ ಸಿರೋಸಿಸ್ ಇರುವವರೇ ಎಚ್ಚರ! ಲಿವರ್ ಗಡ್ಡೆಗೆ ಬಯಾಪ್ಸಿ (ಸೂಜಿಯಿಂದ ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಕಿಲ್ಲ ಎಂದು ಅಮೆರಿಕದ ಡಾಕ್ಟರುಗಳೇ ಒಪ್ಪಿದ್ದಾರೆ. ಕಾಂಟ್ರಾಸ್ಟ್ ಸ್ಕ್ಯಾನ್ ಒಂದೇ ಸಾಕು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತದೆ. ಎಲ್ಲರಿಗೂ ಕಳಿಸಿ.

ತಿಪಟೂರು ಮಾವ: ಓದಿದಿರಾ? ಭಾವನಿಗೆ ಕಾಂಟ್ರಾಸ್ಟ್ ಹಾಕಿಯೇ ಸಿಟಿ ಮಾಡಿದ್ದಾರೆ. ಆದರೂ ಶುಕ್ರವಾರ ಬಯಾಪ್ಸಿಗೆ ಬನ್ನಿ ಅಂದಿದ್ದಾರೆ. ಇದು ದುಡ್ಡಿಗಲ್ಲದೆ ಇನ್ನೇನಕ್ಕೆ? ಬೇಡ ಅಂತ ನಾನೇ ಫೋನ್ ಮಾಡಿ ಹೇಳುತ್ತೇನೆ.

ನಾನು: ಮಾವ, ದಯವಿಟ್ಟು ಈಗಲೇ ಫೋನ್ ಮಾಡಬೇಡಿ. ಆ ಮೆಸೇಜಿನಲ್ಲಿ ಅರ್ಧ ನಿಜ ಇದೆ. ಆ ಅರ್ಧ ದೊಡ್ಡಪ್ಪನಿಗೆ ಅನ್ವಯಿಸುತ್ತಾ ಅಂತ ಮೊದಲು ನೋಡೋಣ. ಅಕ್ಕ, ರಿಪೋರ್ಟಿನ ಕೊನೆಯ ಪುಟ ಹಾಕು.

ಅಕ್ಕ: ಫೋಟೋ ಹಾಕಿದ್ದೇನೆ. 3.2 ಸೆಂ.ಮೀ. ಗಡ್ಡೆ. ಮೊದಲ ಹಂತದಲ್ಲಿ ಅಂಚು ಮಾತ್ರ ಹೊಳೆದಿದೆ, ಕೊನೆಯ ಹಂತದಲ್ಲಿ ನಡುಭಾಗ ಹೊಳೆದಿದೆ ಅಂತ ಬರೆದಿದ್ದಾರೆ. ಕೆಳಗೆ ಎಲ್‌ಆರ್-ಎಂ ಅಂತ ಏನೋ ಗುರುತು ಹಾಕಿದ್ದಾರೆ. ಲಿವರ್ ಕ್ಯಾನ್ಸರಿಗೆ ನೋಡುವ ರಕ್ತಪರೀಕ್ಷೆ ಎಎಫ್‌ಪಿ ನಾರ್ಮಲ್.

ಚಿಕ್ಕಪ್ಪ: ಎಎಫ್‌ಪಿ ನಾರ್ಮಲ್ ಅಂದ್ರೆ ಕ್ಯಾನ್ಸರ್ ಇಲ್ಲ ಅಂತ ಅಲ್ವಾ?

ನಾನು: ಅಲ್ಲ ಚಿಕ್ಕಪ್ಪ. ಕ್ಯಾನ್ಸರ್ ಇದ್ದೂ ಎಎಫ್‌ಪಿ ನಾರ್ಮಲ್ ಇರುವವರು ಬಹಳ ಜನ. ಅದನ್ನು ನಂಬಿ ಕೂರುವ ಹಾಗಿಲ್ಲ.

ನಾನು: ದಿನಾ ಸಿಟಿ ರೂಮಿನಲ್ಲಿ ನಿಲ್ಲುವವಳು ನಾನು. ಅಲ್ಲಿ ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ಮೊದಲು ಡೈ, ಅಂದರೆ ಕಾಂಟ್ರಾಸ್ಟ್, ಇಲ್ಲದೆ ಒಂದು ಸಲ ತೆಗೆಯುತ್ತೇವೆ. ಆಮೇಲೆ ಇಂಜೆಕ್ಟರ್ ಮೆಷಿನ್ ಕೈಯ ರಕ್ತನಾಳಕ್ಕೆ ಡೈ ತಳ್ಳುತ್ತದೆ. ಮೈಯೆಲ್ಲಾ ಬಿಸಿ ಹರಿದಂತೆ ಆಗುತ್ತದೆ. ಸುಮಾರು 35 ಸೆಕೆಂಡಿಗೆ ಒಂದು ಸಲ, 70 ಸೆಕೆಂಡಿನ ಹತ್ತಿರ ಇನ್ನೊಂದು, 3ರಿಂದ 5 ನಿಮಿಷದೊಳಗೆ ಮತ್ತೊಂದು. ಪ್ರತಿ ಸಲ ಉಸಿರು ಹಿಡಿಯಿರಿ ಅನ್ನುತ್ತೇವೆ. ಯಾಕೆ ಇಷ್ಟು ಸಲ? ಲಿವರಿಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ನಾಳದಿಂದ, ಕಾಲು ಪಾಲು ಅಪಧಮನಿಯಿಂದ. ಸಿರೋಸಿಸ್ ಇರುವವರಲ್ಲಿ ಜಾಸ್ತಿ ಕಾಣುವ ಎಚ್‌ಸಿಸಿ ಅನ್ನೋ ಲಿವರಿನದೇ ಕ್ಯಾನ್ಸರ್ ಅಪಧಮನಿಯ ರಕ್ತದ ಮೇಲೇ ಬೆಳೆಯುತ್ತದೆ. ಅದಕ್ಕೇ ಅದು ಮೊದಲ ಹಂತದಲ್ಲಿ ಸುತ್ತಲಿನ ಲಿವರಿಗಿಂತ ಜಾಸ್ತಿ ಹೊಳೆದು, ಆಮೇಲೆ ಮಂಕಾಗುತ್ತದೆ. ಈ ಎರಡೂ ಸರಿಯಾಗಿ ಕಂಡರೆ, ಅಳತೆಯೂ ಹೊಂದಿದರೆ ಎಲ್‌ಆರ್-5, ಅಂದರೆ ಎಚ್‌ಸಿಸಿ ಖಚಿತ, ಅಂತ ಬರೆಯುತ್ತಾರೆ. ಸಿರೋಸಿಸ್ ಇರುವವರಿಗೆ ಆಗ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಶುರು ಮಾಡಬಹುದು. ನಿಮ್ಮ ಮೆಸೇಜು ಹೇಳುತ್ತಿರುವುದು ಇದನ್ನು, ಮಾವ.

ನಾನು: ದೊಡ್ಡಪ್ಪನದು ಬೇರೆ. ಅಂಚು ಮೊದಲು ಹೊಳೆದು, ನಡುಭಾಗ ನಿಧಾನಕ್ಕೆ ಡೈ ಹೀರಿಕೊಂಡು ಹಿಡಿದಿಟ್ಟುಕೊಂಡಿದೆ. ಪಿತ್ತನಾಳದ ಕ್ಯಾನ್ಸರಿನ ಒಳಗೆ ನಾರು ಜಾಸ್ತಿ, ಅದು ಹೀಗೇ ಮಾಡುತ್ತದೆ. ಎಲ್‌ಆರ್-ಎಂ ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ, ಆದರೆ ಎಚ್‌ಸಿಸಿಯೇ ಅಂತ ಹೇಳಲಾಗದು. ಇಂಥವುಗಳಲ್ಲಿ ಮೂರರಲ್ಲಿ ಒಂದರಷ್ಟು ಕೊನೆಗೆ ಎಚ್‌ಸಿಸಿಯೇ ಆಗಿರುತ್ತವೆ. ಅದಕ್ಕೇ ಬಯಾಪ್ಸಿ.

ಚಿಕ್ಕಪ್ಪ: ಎರಡೂ ಕ್ಯಾನ್ಸರೇ ಆದಮೇಲೆ ಯಾವುದಾದರೇನಮ್ಮ? ಅಣ್ಣನಿಗೆ ಬೇಗ ಟ್ರಾನ್ಸ್‌ಪ್ಲಾಂಟ್ ಮಾಡಿಸೋಣ. ಮಗಳು ಲಿವರ್ ಕೊಡಲು ರೆಡಿ ಇದ್ದಾಳಲ್ಲ.

ನಾನು: ನನಗೆ ಸಂಕಟ ಆಗುತ್ತಿರುವುದೇ ಅದಕ್ಕೆ ಚಿಕ್ಕಪ್ಪ. ಎಚ್‌ಸಿಸಿ ಆದರೆ ಟ್ರಾನ್ಸ್‌ಪ್ಲಾಂಟ್ ಒಳ್ಳೆಯ ದಾರಿ. ಒಂದೇ ಗಡ್ಡೆ, 5 ಸೆಂ.ಮೀ. ಒಳಗೆ ಇರಬೇಕು, ಇಲ್ಲವೇ ಮೂರರವರೆಗೆ ಇದ್ದು ಯಾವುದೂ 3 ಸೆಂ.ಮೀ. ದಾಟಿರಬಾರದು. 1996ರಲ್ಲಿ ಬಂದ ಈ ಮಿಲಾನ್ ಲೆಕ್ಕ ಇವತ್ತಿಗೂ ನಡೆಯುತ್ತದೆ. ಪಿತ್ತನಾಳದ್ದಾದರೆ ಈ ಅಳತೆಗೆ ಟ್ರಾನ್ಸ್‌ಪ್ಲಾಂಟ್ ಸಾಮಾನ್ಯವಾಗಿ ಮಾಡುವುದಿಲ್ಲ, ಮತ್ತೆ ಬರುವ ಭಯ ಜಾಸ್ತಿ. ಅದರ ಆಪರೇಷನ್ ಬೇರೆ, ಕೀಮೋ ಔಷಧಿ ಬೇರೆ. ಗೊತ್ತಿಲ್ಲದೆ ಅಕ್ಕನ ಹೊಟ್ಟೆ ಕೊಯ್ಸೋಣವಾ?

ಸಣ್ಣತ್ತೆ: ಅಯ್ಯೋ, ಇದು ನಮಗೆ ಹೊಳೆಯಲೇ ಇಲ್ಲ.

ತಿಪಟೂರು ಮಾವ: ಸರಿ ಪುಟ್ಟಿ, ಸೂಜಿ ಚುಚ್ಚಿದರೆ ಹರಡುತ್ತದೆ ಅನ್ನುವುದು ಸುಳ್ಳಾ?

ನಾನು: ಪೂರ್ತಿ ಸುಳ್ಳಲ್ಲ ಮಾವ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆಯಬಹುದು. ಎಚ್‌ಸಿಸಿಯಲ್ಲಿ ಅದು ಶೇ. 2.7ರಷ್ಟು ಜನರಲ್ಲಿ ಆಗಿದೆ ಅಂತ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ಮೈಯೆಲ್ಲಾ ಹರಡುತ್ತದೆ ಅನ್ನುವುದು ಬೇರೆ ಮಾತು. ರಕ್ತಸ್ರಾವದ ಅಪಾಯವೂ ಇದೆ. ಅದಕ್ಕೇ ಮುಂಚೆ ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅನ್ನುವ ಪರೀಕ್ಷೆ) ನೋಡುತ್ತಾರೆ, ಹೊಟ್ಟೆಯಲ್ಲಿ ನೀರು ಇದೆಯಾ ಅಂತಲೂ ನೋಡುತ್ತಾರೆ.

ತಿಪಟೂರು ಮಾವ: ಮತ್ತೆ ಇನ್ನೊಂದು ಸ್ಕ್ಯಾನ್ ಮಾಡಿಸಿ ನೋಡಬಹುದಲ್ಲ? ರಕ್ತಕ್ಕೆ ಸಣ್ಣ ಸಣ್ಣ ಗ್ಯಾಸ್ ಗುಳ್ಳೆ ಹಾಕಿ ಅಲ್ಟ್ರಾಸೌಂಡ್ ಮಾಡುತ್ತಾರಂತೆ. ಕಿಡ್ನಿಗೂ ತೊಂದರೆ ಇಲ್ಲವಂತೆ.

ನಾನು: ಒಳ್ಳೆಯ ಪ್ರಶ್ನೆ ಮಾವ. ಅದರ ಗುಳ್ಳೆಗಳು ಕಿಡ್ನಿಯಿಂದ ಹೋಗುವುದಿಲ್ಲ, ಗ್ಯಾಸ್ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಸಿಟಿ ಡೈ ನಾಳದಿಂದ ಹೊರಗೆ ಸೋರಿ ನಾರಿನಲ್ಲಿ ನಿಲ್ಲುತ್ತದೆ. ಗುಳ್ಳೆ ನಾಳದೊಳಗೇ ಇರುತ್ತದೆ. ಹಾಗಾಗಿ ಪಿತ್ತನಾಳದ ಗಡ್ಡೆ 60 ಸೆಕೆಂಡಿನೊಳಗೇ ಮಂಕಾಗಿ, ಆಮೇಲೆ ಕಪ್ಪಾಗುತ್ತದೆ. ಎಚ್‌ಸಿಸಿ 60 ಸೆಕೆಂಡು ದಾಟಿದ ಮೇಲೆ ಸ್ವಲ್ಪ ಮಾತ್ರ ಮಂಕಾಗುತ್ತದೆ. ಹೊತ್ತು ನೋಡದೆ ಬರೀ ಮಂಕಾಯಿತು ಅಂತ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ಬಾರ್ಸಿಲೋನಾದ ಡಾಕ್ಟರುಗಳು 2010ರಲ್ಲಿ ಇದನ್ನು ತೋರಿಸಿಕೊಟ್ಟರು. 2011ರಲ್ಲಿ ಅಮೆರಿಕದ ಲಿವರ್ ಡಾಕ್ಟರುಗಳು ತಮ್ಮ ನಿಯಮಗಳಿಂದ ಈ ಸ್ಕ್ಯಾನನ್ನೇ ಕೈಬಿಟ್ಟಿದ್ದರು. ಯುರೋಪಿನವರ 2018ರ ನಿಯಮದಲ್ಲಿ 60 ಸೆಕೆಂಡಿನ ಷರತ್ತು ಹಾಕಿ ಇಟ್ಟುಕೊಂಡಿದ್ದಾರೆ. ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳೋಣ, ಸೂಜಿಗೆ ಜಾಗ ನೋಡಲೂ ಅನುಕೂಲ. ಆದರೆ ಸಿಟಿಯಲ್ಲಿ ಇಷ್ಟು ಕಂಡಮೇಲೆ ಬಯಾಪ್ಸಿ ಬಿಡಲು ಅದೊಂದು ಸಾಕಾಗುವುದಿಲ್ಲ.

ಅಕ್ಕ: ಶುಕ್ರವಾರ ಹೋಗುತ್ತೇವೆ. ಸಿಡಿ ತೆಗೆದುಕೊಂಡು ಹೋಗಬೇಕಾ?

ನಾನು: ಹೌದು. ಬರೀ ರಿಪೋರ್ಟ್ ಸಾಲದು, ಪೂರ್ತಿ ಸಿಡಿ ಕೊಡು. ದೊಡ್ಡಪ್ಪ ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಾರಲ್ಲ, ಅದನ್ನು ಡಾಕ್ಟರಿಗೆ ಹೇಳಿದ್ದೀಯಾ?

ಅಕ್ಕ: ಇಲ್ಲ!

ನಾನು: ಇವತ್ತೇ ಹೇಳು. ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ತಿಪಟೂರು ಮಾವ: ಆ ಫೋನ್ ನಾನು ಮಾಡುತ್ತೇನೆ. ಬಯಾಪ್ಸಿ ಅಂದರೆ ನನಗಿನ್ನೂ ಭಯವೇ. ಡಾಕ್ಟರ್ ಹತ್ತಿರ ಅದನ್ನೂ ಕೇಳಿಬಿಡುತ್ತೇನೆ. ಮೆಸೇಜ್ ಡಿಲೀಟ್ ಮಾಡಿದ್ದೇನೆ.