ಲಾಂಗ್ ವೀಕೆಂಡ್‌ಗೆ ಹಳೇ ಊರಿನ ಗೈಡೆಡ್ ವಾಕ್: ಎಷ್ಟು ದೂರ, ಬ್ಯಾಚ್‌ಗೆ ಎಷ್ಟು ಜನ?

ಹಾದಿಗ:
ಮೂರು ದಿನ ಒಟ್ಟಿಗೆ ರಜೆ ಬರುವ ವಾರಾಂತ್ಯಕ್ಕೆ ಐತಿಹಾಸಿಕ ನಗರವೊಂದರ ಕೋಟೆ ಮತ್ತು ಹಳೇ ಪೇಟೆ ಭಾಗದಲ್ಲಿ ಗೈಡ್ ಜೊತೆಗಿನ ನಡಿಗೆ ಇಡಬೇಕಿದೆ. ಸದ್ಯದ ಲೆಕ್ಕ ಹೀಗಿದೆ: 4 ಕಿ.ಮೀ., 14 ಸ್ಟಾಪ್, ಎರಡು ಗಂಟೆ. ಬ್ಯಾಚ್‌ಗೆ 30 ಜನ, ಬೆಳಿಗ್ಗೆ ಎರಡು ಬ್ಯಾಚ್. ಪ್ರವೇಶ ಉಚಿತ, ಬುಕಿಂಗ್ ಆನ್‌ಲೈನ್. ಇದರಲ್ಲಿ ಯಾವುದು ಕೈಕೊಡುತ್ತದೆ?

ಗಡಿಯಾರದ ಮುಳ್ಳು:
ದೂರವೇ ಮೊದಲು ಕೈಕೊಡುತ್ತದೆ. ಒಬ್ಬರೇ ನಡೆದರೆ ಗಂಟೆಗೆ 5 ಕಿ.ಮೀ. ಹೋಗಬಹುದು, ಗುಂಪು 3ರ ಮೇಲೆ ಹೋಗುವುದಿಲ್ಲ. 4 ಕಿ.ಮೀ.ಗೆ 80 ನಿಮಿಷ ಹೋಯಿತು. ಉಳಿದ 40 ನಿಮಿಷವನ್ನು 14 ಸ್ಟಾಪ್‌ಗೆ ಹಂಚಿದರೆ ಒಂದಕ್ಕೆ ಮೂರು ನಿಮಿಷವೂ ಸಿಗದು. ಹಿಂದಿದ್ದವರು ಬಂದು ಸೇರಲಿಕ್ಕೇ ಒಂದೂವರೆ ನಿಮಿಷ ಬೇಕು. ಅವರು ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ.

2.25 ಕಿ.ಮೀ., 8 ಸ್ಟಾಪ್ ಮಾಡಿ. ನಡಿಗೆಗೆ 45, ತಲಾ ಏಳರಂತೆ ಸ್ಟಾಪ್‌ಗೆ 56, ಒಟ್ಟು 101 ನಿಮಿಷ. ಮಿಕ್ಕ 19 ನಿಮಿಷ ಖಾಲಿ ಅಂದುಕೊಳ್ಳಬೇಡಿ, ತಡವಾದ ಆರಂಭ ಮತ್ತು ರಸ್ತೆ ದಾಟುವುದೇ ಅದನ್ನು ನುಂಗುತ್ತವೆ. ರಜೆ ದಿನ ಪಾರ್ಕಿಂಗ್ ಹುಡುಕುತ್ತಾ ಎಲ್ಲರೂ ತಡ ಮಾಡುತ್ತಾರೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬೇಡಿ. ಎರಡನೇ ಸ್ಟಾಪ್ ಎಲ್ಲಿ, ಅಲ್ಲಿ ಎಷ್ಟು ಹೊತ್ತಿಗೆ ಇರುತ್ತೀರಿ ಎಂದು ಬುಕಿಂಗ್ ಮೆಸೇಜಿನಲ್ಲೇ ಹಾಕಿಬಿಡಿ. "ಕೋಟೆ ಬಾಗಿಲ ಹತ್ತಿರ" ಎಂದಷ್ಟೇ ಬರೆದರೆ ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ ನಿಂತು ಪರಸ್ಪರ ಫೋನ್ ಮಾಡುತ್ತಿರುತ್ತಾರೆ. ಯಾವ ಬದಿ ಎಂದು ಒಂದು ಫೋಟೊ ಹಾಕಿ.

ಬಾಲಗಾವಲು:
30 ಜನ ಬೇಡವೇ ಬೇಡ. ಮೈಕ್ ಇಲ್ಲದೆ 15, ಗೈಡ್ ಮಾತನ್ನು ವೈರ್‌ಲೆಸ್ ಆಗಿ ಪ್ರತಿಯೊಬ್ಬರ ಕಿವಿಗೆ ತಲುಪಿಸುವ ಇಯರ್‌ಫೋನ್ ಸೆಟ್ ಇದ್ದರೆ 25. ಕಾರಣ ದನಿ ಒಂದೇ ಅಲ್ಲ. ಏಳು ಮೀಟರ್ ಅಗಲದ ರಸ್ತೆಯನ್ನು ಒಬ್ಬರು ಆರೇಳು ಸೆಕೆಂಡಿನಲ್ಲಿ ದಾಟುತ್ತಾರೆ. 30 ಜನ ಇಬ್ಬಿಬ್ಬರಾಗಿ ಹೊರಟರೆ ಸಾಲು ಹದಿನೈದು ಮೀಟರ್ ದಾಟುತ್ತದೆ, ಕೊನೆಯವರು ಇಳಿಯುವ ಹೊತ್ತಿಗೆ ಸಿಗ್ನಲ್ ಬದಲಾಗಿರುತ್ತದೆ. ಗುಂಪು ಒಡೆಯುವುದು ಯಾವಾಗಲೂ ಅಲ್ಲೇ. ಆದ್ದರಿಂದ ಹಿಂದೆ ಒಬ್ಬರು ಕಡ್ಡಾಯ. ಅವರು ಕಥೆ ಹೇಳಬಾರದು, ತಲೆ ಎಣಿಸಬೇಕು, ಅಷ್ಟೇ. ದಾಟಿದ ಮೇಲೆ ಅವರು ಕೈ ಎತ್ತುವ ತನಕ ಗೈಡ್ ಬಾಯಿ ತೆರೆಯಬಾರದು.

ಸೊಂಟಕ್ಕೆ ಕಟ್ಟುವ ಸ್ಪೀಕರ್ ಅಗ್ಗ, ಆದರೆ ರಜೆ ದಿನ ಬೆಳಿಗ್ಗೆ ಮನೆಗಳಿರುವ ಓಣಿಯಲ್ಲಿ ಅದನ್ನು ಹಚ್ಚಿದರೆ ಬೈಗುಳ ಖಚಿತ. ಇಯರ್‌ಫೋನ್ ಸೆಟ್ ತಂದರೆ ಒಂದೇ ಕಿವಿಯದು ತನ್ನಿ, ಇನ್ನೊಂದು ಕಿವಿಗೆ ಗಾಡಿ ಸದ್ದು ಕೇಳುತ್ತಿರಬೇಕು. ಎರಡು ಬ್ಯಾಚ್‌ಗೆ ಬೇರೆ ಬೇರೆ ಚಾನೆಲ್, ಅದೂ ಅಕ್ಕಪಕ್ಕದ ನಂಬರ್ ಬೇಡ. ದಪ್ಪ ಕಲ್ಲಿನ ಗೋಡೆಯ ತಿರುವು ಬಂದರೆ ಸಿಗ್ನಲ್ ಕಟ್ ಆಗುತ್ತದೆ, ತಿರುಗುವ ಮುಂಚೆಯೇ ವಾಕ್ಯ ಮುಗಿಸಿಬಿಡಿ.

ಕಲ್ಲುಬರಹ:
ಮೇಲಿನ ಇಬ್ಬರೂ ಗಂಟೆ-ಗಣಿತ ಹೇಳಿದ್ದಾರೆ. ಎಂಟು ಸ್ಟಾಪ್ ಯಾವುವು ಎನ್ನುವುದು ಅದಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೈ ತೋರಿಸಿದ ಕಡೆ ಏನಾದರೂ ಕಾಣದಿದ್ದರೆ ಆ ಸ್ಟಾಪ್ ಕಿತ್ತುಹಾಕಿ. "ಇಲ್ಲಿ ಮೊದಲು ಅರಮನೆ ಇತ್ತು" ಎಂದು ಪಾರ್ಕಿಂಗ್ ಜಾಗದಲ್ಲಿ ನಿಂತು ಏಳು ನಿಮಿಷ ಮಾತಾಡಿದರೆ ಜನ ಮೊಬೈಲ್ ತೆಗೆಯುತ್ತಾರೆ. ಅದರ ಬದಲು ಹಳೇ ಹೆಬ್ಬಾಗಿಲ ಹೊಸ್ತಿಲಲ್ಲಿ ಬಾಗಿಲ ತಿರುಗುಗೂಟ ಕೂರುತ್ತಿದ್ದ ಗುಂಡನೆಯ ಗುಳಿ ತೋರಿಸಿ. ಬೆರಳಿಟ್ಟರೆ ಒಳಮೈ ನುಣುಪು, ಸುತ್ತಲಿನ ಕಲ್ಲು ಒರಟು. ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು ಎಂದು ಜನರೇ ಊಹಿಸುತ್ತಾರೆ, ಗೈಡ್ ಸುಮ್ಮನಿದ್ದರೂ ನಡೆಯುತ್ತದೆ.

ಬೆಳಕನ್ನೂ ನೋಡಿಕೊಳ್ಳಿ. ಸವೆದ ಶಾಸನ, ಉಬ್ಬುಶಿಲ್ಪ ನೆತ್ತಿಯ ಬಿಸಿಲಿನಲ್ಲಾಗಲಿ ಎದುರು ಬೆಳಕಿನಲ್ಲಾಗಲಿ ಚೆನ್ನಾಗಿ ಕಾಣವು. ಬಿಸಿಲು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುವ ಹೊತ್ತಿನಲ್ಲಿ ಅಕ್ಷರದ ಗೀರಿನೊಳಗೆ ನೆರಳು ಕೂತು ಓದಲು ಬರುತ್ತದೆ. ಆ ಗೋಡೆಗೆ ಆ ಹೊತ್ತು ಎಷ್ಟಕ್ಕೆ ಬರುತ್ತದೆ ಎಂದು ಮುಂಚೆಯೇ ಹೋಗಿ ನೋಡಿ, ಉಳಿದ ರೂಟನ್ನು ಅದಕ್ಕೆ ಹೊಂದಿಸಿ. ನಿಲ್ಲಿಸುವಾಗ ಬಿಸಿಲು ಗೈಡ್ ಮುಖಕ್ಕಿರಲಿ, ಕೇಳುವವರ ಕಣ್ಣಿಗೆ ಬೇಡ.

ಇನ್ನೊಂದು: ಹಲವು ದೇಶಗಳಲ್ಲಿ ಸಂರಕ್ಷಿತ ಸ್ಮಾರಕದ ಒಳಗೆ ವಿವರಣೆ ಕೊಡಲು ಲೈಸೆನ್ಸ್ ಇರುವ ಗೈಡೇ ಬೇಕು. ಹೊರಗಿನ ಬೀದಿಗೆ ಆ ನಿಯಮ ಇರಲಿಕ್ಕಿಲ್ಲ. ಎರಡನ್ನೂ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ.

ಬೀಗದ ಕೈ:
ರಜೆ ಎಂದರೆ ಎಲ್ಲ ತೆರೆದಿರುತ್ತದೆ ಎಂದುಕೊಳ್ಳುವುದು ತಪ್ಪು. ಹಳೇ ಕಟ್ಟಡದಲ್ಲಿ ಸರ್ಕಾರಿ ಕಚೇರಿ ಇದ್ದರೆ ಅಂಗಳಕ್ಕೆ ಬೀಗ, ಅದರ ಶೌಚಾಲಯಕ್ಕೂ ಬೀಗ. ಸೋಮವಾರ ವಾರದ ರಜೆ ಇರುವ ಮ್ಯೂಸಿಯಂಗಳಲ್ಲಿ ಕೆಲವು, ಹಬ್ಬ ಸೋಮವಾರವೇ ಬಂದರೆ ಅಂದು ತೆರೆದು ಮರುದಿನ ಮುಚ್ಚುತ್ತವೆ. ಮಾಮೂಲಿ ವೇಳಾಪಟ್ಟಿ ನಂಬದೆ ಆ ತಾರೀಖು ಹೇಳಿಯೇ ಫೋನ್ ಮಾಡಿ. ಮೆರವಣಿಗೆಗೆ ಯಾವ ರಸ್ತೆ ಬಂದ್ ಎಂದು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಉಚಿತ ಬುಕಿಂಗ್ ಬಗ್ಗೆ: ಉಚಿತ ಇಡುವುದರಲ್ಲಿ ತಪ್ಪೇನಿಲ್ಲ. ನಗರಗಳ ಬದುಕಿನ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ ನೆನಪಿಗೆ 2007ರಲ್ಲಿ ಟೊರಾಂಟೊದಲ್ಲಿ ಶುರುವಾದ ಜೇನ್ಸ್ ವಾಕ್ ಉಚಿತವೇ, ನಡೆಸುವವರೂ ಸ್ವಯಂಸೇವಕರೇ. ಆದರೆ ಕಾಸು ಕಟ್ಟದವರು ಬರದಿದ್ದರೆ ಹೇಳುವುದೂ ಇಲ್ಲ. ಹಿಂದಿನ ಸಂಜೆ "ಬರುತ್ತೀರಾ?" ಎಂದು ಕೇಳಿ, ರಾತ್ರಿ ಎಂಟರೊಳಗೆ ಉತ್ತರ ಬರದ ಸೀಟನ್ನು ಕಾಯುತ್ತಿರುವವರಿಗೆ ಕೊಡಿ.

ಹಾದಿಗ:
ಬಹಳ ಉಪಯೋಗವಾಯಿತು. 2.25 ಕಿ.ಮೀ., 8 ಸ್ಟಾಪ್, 15 ಜನಕ್ಕೆ ಇಳಿಸುತ್ತೇನೆ. ಎರಡನೇ ಬ್ಯಾಚನ್ನು ಎದುರು ದಿಕ್ಕಿನಿಂದ ಹೊರಡಿಸಿದರೆ ಒಂದೇ ಹೊತ್ತಿಗೆ ಶುರು ಮಾಡಬಹುದಲ್ಲವೇ?

ಗಡಿಯಾರದ ಮುಳ್ಳು:
ಮಾಡಬಹುದು, ಆದರೆ ಕಥೆ ತಲೆಕೆಳಗಾಗುತ್ತದೆ. ಎರಡೂ ಗುಂಪು ನಡುದಾರಿಯಲ್ಲಿ ಎದುರಾಗುವ ಜಾಗ ಇಕ್ಕಟ್ಟಿನ ಓಣಿಯಾಗಿದ್ದರಂತೂ ಕಷ್ಟ. ಒಂದೇ ದಿಕ್ಕು, 20 ನಿಮಿಷ ಅಂತರ ಇಡಿ. ಒಂದು ಸ್ಟಾಪ್ ಏಳೇ ನಿಮಿಷದ್ದಾದ್ದರಿಂದ ಹಿಂದಿನವರು ಮುಂದಿನವರ ಮೇಲೆ ಬೀಳುವುದಿಲ್ಲ. ಟಿಕೆಟ್ ಕೊಳ್ಳಬೇಕಾದ ಸ್ಟಾಪ್ ಇದ್ದರೆ ಮಾತ್ರ ಎರಡೂ ಬ್ಯಾಚಿನ ಟಿಕೆಟ್ ಮೊದಲೇ ತೆಗೆಸಿಡಿ, ಇಲ್ಲದಿದ್ದರೆ ಆ 20 ನಿಮಿಷ ಕ್ಯೂನಲ್ಲೇ ಕರಗಿಹೋಗುತ್ತದೆ.

ಕಲ್ಲುಬರಹ:
ಎದುರು ದಿಕ್ಕಿಗೆ ನನ್ನ ಅಭ್ಯಂತರವಿಲ್ಲ, ಕಥೆ ಕಾಲಾನುಕ್ರಮದಲ್ಲೇ ಸಾಗಬೇಕೆಂದಿಲ್ಲ. ಆದರೆ ಓರೆ ಬಿಸಿಲಿನ ಗೋಡೆ ಎರಡನೇ ಗುಂಪಿಗೆ ತಪ್ಪಿಹೋಗುತ್ತದೆ. ಅದೊಂದೇ ಕಾರಣಕ್ಕೆ 20 ನಿಮಿಷದ ಅಂತರಕ್ಕೆ ನನ್ನ ಓಟು.