ಪಿನ್ 560049 ಇದ್ರೂ ದೂರು ‘ವ್ಯಾಪ್ತಿಗೆ ಬರಲ್ಲ’ ಅಂತ ವಾಪಸ್: ವಿಳಾಸದಿಂದ ವಾರ್ಡ್ ಹುಡುಕೋದು ಹೇಗೆ?

ಬೀದಿದೀಪ_ಪಟ್ಟಿ:

ನಮಸ್ಕಾರ. ಎರಡು ವಾರದಿಂದ ಇದೊಂದರಲ್ಲೇ ಒದ್ದಾಡ್ತಿದೀನಿ, ಗೊತ್ತಿರೋರು ದಯವಿಟ್ಟು ದಾರಿ ತೋರಿಸಿ.

ಕೆ.ಆರ್. ಪುರದಿಂದ ಹೊಸಕೋಟೆ ಕಡೆ ಹೋಗೋ ಹಳೇ ಮದ್ರಾಸ್ ರಸ್ತೆಯ ಎಡಬಲದ ಬಡಾವಣೆಗಳವರು ಸೇರಿ, ಉರಿಯದ ಬೀದಿದೀಪಗಳ ಪಟ್ಟಿ ಮಾಡಿ ದೂರು ಕೊಡ್ತೀವಿ. ಪಟ್ಟಿ, ನಕ್ಷೆ ಎರಡೂ ನನ್ನ ಜವಾಬ್ದಾರಿ. ಒಟ್ಟು 412 ವಿಳಾಸ. ಪಿನ್ 560ರಿಂದ ಶುರುವಾದ್ರೆ ‘ಪಾಲಿಕೆ’, 562 ಆದ್ರೆ ‘ಪಂಚಾಯಿತಿ’ ಅಂತ ಶೀಟಿನಲ್ಲಿ ಫಾರ್ಮುಲಾ ಹಾಕಿದೆ. ಪಾಲಿಕೆ ಅಂತ ಬಂದವನ್ನ ಜಿಯೋಕೋಡ್ ಮಾಡಿ (ವಿಳಾಸದಿಂದ ಅಕ್ಷಾಂಶ ರೇಖಾಂಶ ತೆಗೆದು), ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ವಾರ್ಡ್ ನಕ್ಷೆ ಮೇಲಿಟ್ಟು ‘ಜಾಯಿನ್ ಆಟ್ರಿಬ್ಯೂಟ್ಸ್ ಬೈ ಲೊಕೇಶನ್’ (ಬಿಂದು ಯಾವ ವಾರ್ಡಿನೊಳಗೆ ಬೀಳತ್ತೋ ಅದರ ಹೆಸರು ಸೇರಿಸೋ ಸಾಧನ) ಓಡಿಸಿದೆ. ಎಲ್ಲದಕ್ಕೂ ವಾರ್ಡ್ ಹೆಸರು ಬಂತು, ಒಂದು ಸಾಲೂ ಖಾಲಿ ಇಲ್ಲ. ಸರಿಯಾಯ್ತು ಅಂದ್ಕೊಂಡು ದೂರು ಕಳಿಸಿದ್ವಿ.

ಈಗ ಅರ್ಧಕ್ಕರ್ಧ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ವಾಪಸ್ ಬಂದಿವೆ. ಆವಲಹಳ್ಳಿ ಕಡೆ ಇರೋ ನಮ್ಮಮ್ಮನ ಬೀದಿಯೂ ಅದರಲ್ಲಿದೆ. ದೀಪಾವಳಿಗೆ ಮುಂಚೆ ಆರಿದ ದೀಪ ಅದು. ಅಮ್ಮ ಬೆಳಿಗ್ಗೆ ಐದೂವರೆಗೆ ಹಾಲು ತರೋಕೆ ಅದೇ ಕತ್ತಲಲ್ಲಿ ಹೋಗ್ತಾರೆ. ದೂರನ್ನ ತಪ್ಪು ಕಚೇರಿಗೆ ಕಳಿಸಿದ್ದು ನನ್ನ ಶೀಟು ಅಂತ ನೆನೆಸಿಕೊಂಡ್ರೆ ಸಂಕಟ ಆಗತ್ತೆ. ವಿಳಾಸದಲ್ಲಿ ಬೆಂಗಳೂರು ಅಂತಲೇ ಇದೆ, ಪಿನ್ 560049. ಎಲ್ಲಿ ಎಡವಿದೀನಿ?

ನಕ್ಷೆಕಟ್ಟೆ:

ಮೇಡಂ, ಎರಡು ವಿಷಯ ಹೇಳಿ. ಅಮ್ಮನ ಮನೆ ವಿಳಾಸ ಶೀಟಿನಲ್ಲಿ ಹೇಗಿದೆ, ಮನೆ ನಂಬರ್ ಬಿಟ್ಟು ಹಾಗೇ ಹಾಕಿ. ಜಿಯೋಕೋಡ್ ಆದ ಮೇಲೆ ಎಷ್ಟು ಸಾಲುಗಳಿಗೆ ಒಂದೇ ಅಕ್ಷಾಂಶ ರೇಖಾಂಶ ಬಂದಿದೆ, ಎಣಿಸಿ.

ಬೀದಿದೀಪ_ಪಟ್ಟಿ:

‘ಆವಲಹಳ್ಳಿ, ವಿರ್ಗೋನಗರ ಅಂಚೆ, ಬೆಂಗಳೂರು 560049’.

ಎಣಿಸಿದೆ. 137 ಸಾಲು ಒಂದೇ ಬಿಂದುವಿನ ಮೇಲೆ ಕೂತಿವೆ! ನಕ್ಷೆಯಲ್ಲಿ ಒಂದೇ ಚುಕ್ಕೆ ಕಾಣೋದ್ರಿಂದ ಗೊತ್ತೇ ಆಗಿರಲಿಲ್ಲ. ಚುಕ್ಕೆ ಇರೋದು ಭಟ್ಟರಹಳ್ಳಿ ಹತ್ತಿರ.

ನಕ್ಷೆಕಟ್ಟೆ:

ಸಿಕ್ಕಿತು. ಜಿಯೋಕೋಡರ್‌ಗೆ ಬೀದಿ ಗೊತ್ತಾಗಿಲ್ಲ. ಅದು ಅಂಚೆ ಹೆಸರನ್ನೂ ಪಿನ್ನನ್ನೂ ಹಿಡಿದು, 560049 ಪ್ರದೇಶಕ್ಕೆಲ್ಲ ಸೇರಿಸಿ ಒಂದು ಚುಕ್ಕೆ ಕೊಟ್ಟಿದೆ. ಭಟ್ಟರಹಳ್ಳಿ ಪಾಲಿಕೆ ಗಡಿಯ ಒಳಗಿದೆ. ಆವಲಹಳ್ಳಿ ಅದೇ ಪಿನ್ನಿನಲ್ಲಿದ್ರೂ ಗಡಿಯ ಹೊರಗೆ, ಬಿದರಹಳ್ಳಿ ಹೋಬಳಿಯ ಗ್ರಾಮ ಪಂಚಾಯಿತಿ. ಹಾಗಾಗಿ ಪಂಚಾಯಿತಿಯ ಮನೆಗಳೆಲ್ಲ ಭಟ್ಟರಹಳ್ಳಿಗೆ ಬಂದು ಕೂತು ವಾರ್ಡ್ ಪಡೆದಿವೆ. ಒಂದೂ ಖಾಲಿ ಬರಲಿಲ್ಲ ಅಂದಾಗಲೇ ನನಗೆ ಅನುಮಾನ ಬಂದಿತ್ತು. ಆ ರಸ್ತೆಯಲ್ಲಿ ಖಾಲಿ ಬರಲೇಬೇಕು.

ಫಾರ್ಮುಲಾ ಎರಡೂ ಕಡೆ ತಪ್ಪು. ಹೊಸಕೋಟೆ 562114, ಆದ್ರೆ ಪಟ್ಟಣ ನಗರಸಭೆ. ಆನೇಕಲ್ 562106, ಅಲ್ಲಿ ಪುರಸಭೆ. 560 ಅಂದ್ರೆ ಬೆಂಗಳೂರು ನಗರ ಜಿಲ್ಲೆ, 562 ಅಂದ್ರೆ ಗ್ರಾಮಾಂತರ ಅಂತ ಹೇಳೋರೂ ಇದ್ದಾರೆ, ಅದೂ ನಿಲ್ಲಲ್ಲ. ಆನೇಕಲ್, ಅತ್ತಿಬೆಲೆ, ಸರ್ಜಾಪುರ ಮೂರೂ 562, ಮೂರೂ ಬೆಂಗಳೂರು ನಗರ ಜಿಲ್ಲೆಯವು. ವಿಮಾನ ನಿಲ್ದಾಣ 560300, ಇರೋದು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ. ಎಲೆಕ್ಟ್ರಾನಿಕ್ಸ್ ಸಿಟಿ 560100, ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರ ಇದೆ. ಅದು ಪಾಲಿಕೆಯೂ ಅಲ್ಲ, ಪಂಚಾಯಿತಿಯೂ ಅಲ್ಲ. ಪಿನ್ ಕಾಲಂನಿಂದ ಸ್ಥಳೀಯ ಸಂಸ್ಥೆ ಕಂಡುಹಿಡಿಯೋ ಯಾವ ಫಾರ್ಮುಲಾನೂ ಬರೆಯೋಕಾಗಲ್ಲ. ಆ ಕಾಲಂ ಕೈಬಿಡಿ.

ನಿವೃತ್ತ_ಟಪಾಲು:

ನಾನು ಅಂಚೆ ಇಲಾಖೆಯಲ್ಲಿ ಬಹಳ ವರ್ಷ ಸಾರ್ಟಿಂಗ್ ಕೆಲಸ ಮಾಡಿದವನು. ಪಿನ್ ಬಗ್ಗೆ ಎರಡು ಮಾತು ಹೇಳಬೇಕು ಅನ್ನಿಸಿತು.

ಪಿನ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಅದನ್ನು ರೂಪಿಸಿದವರು ಇಲಾಖೆಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಆಗಿನ ಕಷ್ಟ ಎರಡು. ಒಂದೇ ಹೆಸರಿನ ಊರುಗಳು ಹಲವು, ವಿಳಾಸ ಬರೆಯುವ ಲಿಪಿಗಳೂ ಹಲವು. ಅಂಕಿಯಾದರೆ ಯಾವ ರಾಜ್ಯದ ಸಾರ್ಟರ್ ಕೂಡ ಓದಬಲ್ಲ. ಮೊದಲ ಅಂಕಿ 5 ಅಂದರೆ ನಮ್ಮ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿದರೆ ಕಾಗದ ವಿಂಗಡಣೆಯಾಗುವ ಸಾರ್ಟಿಂಗ್ ಜಿಲ್ಲೆ. ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ. ಈ ‘ಜಿಲ್ಲೆ’ ಅನ್ನುವುದು ಚೀಲ ಎಲ್ಲಿಗೆ ಹೋಗಬೇಕು ಎಂಬ ಲೆಕ್ಕ, ಕಂದಾಯ ಜಿಲ್ಲೆಯಲ್ಲ. ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾದದ್ದೇ 1986ರಲ್ಲಿ. ಪಿನ್ ಅದಕ್ಕಿಂತ 14 ವರ್ಷ ಹಿರಿದು.

ಒಂದು ಬಟವಾಡೆ ಕಚೇರಿಯ ಕೆಳಗೆ ಬ್ರಾಂಚ್ ಆಫೀಸುಗಳಿರುತ್ತವೆ, ಅವಕ್ಕೂ ಅದೇ ಪಿನ್. ಪೋಸ್ಟ್‌ಮ್ಯಾನ್ ಬೀಟ್ ಹಾಕುವಾಗ ನಾವು ನೋಡುತ್ತಿದ್ದುದು ರಸ್ತೆ, ದೂರ, ಒಂದು ಸುತ್ತಿಗೆ ಎಷ್ಟು ಮನೆ ಎಂಬುದನ್ನು. ಕಾರ್ಪೊರೇಷನ್ ಗಡಿ ಎಲ್ಲಿ ಮುಗಿಯುತ್ತದೆ ಎಂದು ಕೇಳಿದವರೇ ಇಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆದ್ದರಿಂದ ‘ವಿರ್ಗೋನಗರ ಅಂಚೆ’ ಎಂದು ಬರೆದಿದ್ದರೆ ಆ ಮನೆ ವಿರ್ಗೋನಗರದಲ್ಲಿದೆ ಎಂದಲ್ಲ, ಆ ಮನೆಯ ಕಾಗದ ಆ ಕಚೇರಿಗೆ ಬರುತ್ತದೆ ಎಂದು ಅರ್ಥ. ‘ಅಂಚೆ’ ಎಂಬ ಪದವನ್ನು ಬಿಟ್ಟು ಬರೆಯುವ ಅಭ್ಯಾಸ ಬಂದಮೇಲೆ ಈ ಗೊಂದಲ ಹೆಚ್ಚಾಯಿತು. ವಿಳಾಸದಲ್ಲಿ ದಯವಿಟ್ಟು ಆ ಪದ ಉಳಿಸಿಕೊಳ್ಳಿ.

ಆದರೆ ಪಿನ್ ಕಾಲಂ ಪೂರ್ತಿ ಕೈಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಸುತ್ತ ಆವಲಹಳ್ಳಿ ಒಂದೇ ಇಲ್ಲ. ಹಳೇ ಮದ್ರಾಸ್ ರಸ್ತೆಯದು ಒಂದು, ಯಲಹಂಕದ ಆಚೆ ಅರಣ್ಯದ ಪಕ್ಕ ಇನ್ನೊಂದು, ಅಂಜನಾಪುರದ ಹತ್ತಿರ ಮತ್ತೊಂದು. ಇವುಗಳಲ್ಲಿ ಯಾವುದು ಎಂದು ಹೇಳುವುದು ಪಿನ್ನೇ. ಅದನ್ನು ಹುಟ್ಟುಹಾಕಿದ್ದೇ ಅದಕ್ಕೆ.

ನಕ್ಷೆಕಟ್ಟೆ:

ಸರ್, ನಿಮ್ಮ ಮಾತು ಸರಿ. ತಿದ್ದಿಕೊಳ್ತೀನಿ: ಪಿನ್ ಕಾಲಂ ಇರಲಿ, ಅದರಿಂದ ವ್ಯಾಪ್ತಿ ತೀರ್ಮಾನ ಮಾಡೋದು ಬೇಡ.

ಮೇಡಂ, ಈಗ ಕೆಲಸಕ್ಕೆ ಬರೋಣ. ಆ 137 ಸಾಲುಗಳಿಗೆ ಜಿಯೋಕೋಡರ್ ನೆಚ್ಚಬೇಡಿ. ಯಾರಾದ್ರೂ ಬೀದಿಗೆ ಹೋಗಿ ದೀಪದ ಕಂಬದ ಕೆಳಗೆ ನಿಂತು ಫೋನಿನಲ್ಲಿ ಬಿಂದು ಗುರುತು ಮಾಡಿಕೊಳ್ಳಲಿ. ನಿಮಗೆ ಬೇಕಿರೋದು ಕಂಬ ಇರೋ ಜಾಗ. ಪ್ರತಿ ಮನೆಗೂ ಬಿಂದು ಬೇಕಿಲ್ಲ, ಬೀದಿಗೊಂದೆರಡು ಸಾಕು. ಸಿಎಸ್‌ವಿ ತುಂಬುವಾಗ 77.7 ಎಕ್ಸ್ ಕಾಲಂಗೆ, 13.0 ವೈ ಕಾಲಂಗೆ. ಅದಲು ಬದಲಾದ್ರೆ ಚುಕ್ಕೆಗಳೆಲ್ಲ ಉತ್ತರ ಧ್ರುವದ ಕಡೆ ಹೋಗತ್ತೆ. ಪಾಯಿಂಟ್ ಲೇಯರ್‌ನ ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) 4326, ಅದು ಡಿಗ್ರಿ ಲೆಕ್ಕದ್ದು. ಗಡಿಯಿಂದ ಎಷ್ಟು ಮೀಟರ್ ಅಂತ ಅಳೀಬೇಕಾದ್ರೆ ಮೀಟರ್ ಲೆಕ್ಕದ 32643ಕ್ಕೆ ರೀಪ್ರೊಜೆಕ್ಟ್ ಮಾಡಿ, ಇಲ್ಲಾಂದ್ರೆ ದೂರ ಡಿಗ್ರಿಯಲ್ಲಿ ಬರತ್ತೆ.

ಆಮೇಲೆ ಜಾಯಿನ್ ಓಡಿಸುವಾಗ ‘ಹೊಂದದ ಸಾಲು ಕೈಬಿಡು’ ಅನ್ನೋ ಟಿಕ್ ತೆಗೆದಿಡಿ. ಖಾಲಿ ಬಂದ ಸಾಲುಗಳೇ ನಿಮಗೆ ಮುಖ್ಯ, ಅವು ಪಾಲಿಕೆಯ ಹೊರಗಿನವು.

ನಿಮ್ಮ ಹತ್ರ ಇರೋ ವಾರ್ಡ್ ನಕ್ಷೆ ಯಾವ ಕಾಲದ್ದು?

ಬೀದಿದೀಪ_ಪಟ್ಟಿ:

198 ವಾರ್ಡ್ ಇರೋದು ಸರ್. ಅಂತರ್ಜಾಲದಲ್ಲಿ ಮೊದಲು ಸಿಕ್ಕಿದ್ದು ಅದೇ.

ನಕ್ಷೆಕಟ್ಟೆ:

ಅದು ಹಳೇದು. 2007ರಲ್ಲಿ ಹಿಂದಿನ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಕೆಂಗೇರಿ ಪುರಸಭೆ, ಸುಮಾರು 110 ಹಳ್ಳಿ ಸೇರಿ ಬಿಬಿಎಂಪಿ ಆಯ್ತು. 2010, 2015ರ ಚುನಾವಣೆ ನಡೆದಿದ್ದು ಆ 198 ವಾರ್ಡ್‌ಗಳ ಮೇಲೆ. ಮುಂದೆ 243, ಆಮೇಲೆ 225 ಅಂತ ಮರುವಿಂಗಡಣೆ ಆದೇಶಗಳು ಬಂದ್ವು. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರ ಪಾಲಿಕೆಗಳು. ನಿಮ್ಮ ಕಡೆಯದು ಪೂರ್ವ. ಹಳೇ ಬಿಬಿಎಂಪಿ ಪ್ರದೇಶವನ್ನೇ ಐದಾಗಿ ಹಂಚಿದ್ದರಿಂದ, ಒಳಗೋ ಹೊರಗೋ ಅಂತ ನೋಡೋಕೆ 198ರ ಹೊರಗಡಿ ನಡೆಯತ್ತೆ. ವಾರ್ಡ್ ಹೆಸರಿಗೆ ಮಾತ್ರ ಹೊಸ ನಕ್ಷೆ ಬೇಕು. ಗಡಿಗಳು ಮುಂದೆಯೂ ಬದಲಾಗಬಹುದು, ಹಾಗಾಗಿ ಲೇಯರ್ ಹೆಸರಿನಲ್ಲೇ ಅಧಿಸೂಚನೆಯ ದಿನಾಂಕ ಬರೆದಿಡಿ.

ಬಿಡದಿ_ಬಸ್ಸು:

ಮಧ್ಯೆ ಬರ್ತಿದೀನಿ, ಕ್ಷಮಿಸಿ. ನನ್ನದೂ ಇದೇ ಜಾತಿಯ ತೊಂದರೆ. ಬಿಡದಿಯ (562109) ವಿಳಾಸಗಳಿಗೆ ಜಿಲ್ಲೆ ಕಾಲಂನಲ್ಲಿ ‘ಬೆಂಗಳೂರು ದಕ್ಷಿಣ’ ಅಂತ ಹಾಕಿದೆ. ಈಗ ಅವೆಲ್ಲ ಬೆಂಗಳೂರು ದಕ್ಷಿಣ ನಗರ ಪಾಲಿಕೆ ಅಂತ ಬರ್ತಿವೆ!

ನಕ್ಷೆಕಟ್ಟೆ:

ನೀವು ಹೆಸರಿನ ಮೇಲೆ ಜಾಯಿನ್ ಮಾಡಿದೀರಿ. 2025ರಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಾಯ್ತು. ಬೆಂಗಳೂರು ನಗರ ಜಿಲ್ಲೆಯೊಳಗೆ ಬೆಂಗಳೂರು ದಕ್ಷಿಣ ತಾಲ್ಲೂಕು ಇದೆ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ ಇದೆ, ಅದೇ ಹೆಸರಿನ ವಿಧಾನಸಭಾ ಕ್ಷೇತ್ರ ಇದೆ, ಈಗ ನಗರ ಪಾಲಿಕೆಯೂ ಇದೆ. ಅಂಚೆ ಇಲಾಖೆಗೂ ಬೆಂಗಳೂರು ದಕ್ಷಿಣ ವಿಭಾಗ ಅಂತ ಒಂದಿದೆ. ಆರು ಬೇರೆ ಬೇರೆ ಗಡಿ, ಹೆಸರು ಒಂದೇ. ಹೆಸರಿನ ಹಿಂದೆ ‘ಜಿಲ್ಲೆ’, ‘ತಾಲ್ಲೂಕು’, ‘ಪಾಲಿಕೆ’ ಅಂತ ಕಡ್ಡಾಯವಾಗಿ ಸೇರಿಸಿ. ಸಾಧ್ಯ ಆದ್ರೆ ಹೆಸರಿನ ಮೇಲೆ ಜಾಯಿನ್ ಮಾಡಲೇಬೇಡಿ. ಇಂಗ್ಲಿಷ್ ಪಟ್ಟಿಗಳಲ್ಲಿ ಇನ್ನೂ ಕಷ್ಟ. 2014ರ ನವೆಂಬರ್ 1ರಂದು ಊರಿನ ಅಧಿಕೃತ ಕಾಗುಣಿತವೇ ಬದಲಾಯ್ತು, ಹಳೇ ಫೈಲುಗಳಲ್ಲಿ ಎರಡೂ ಇರತ್ತೆ.

ಬೀದಿದೀಪ_ಪಟ್ಟಿ:

ಭಾನುವಾರ ನಾಲ್ಕು ಜನ ಸೇರಿ ಬೀದಿ ಬೀದಿ ಓಡಾಡಿ ಬಿಂದು ಹಾಕಿದ್ವಿ. ಜಾಯಿನ್ ಓಡಿಸಿದ್ರೆ ಈ ಸಲ 118 ಸಾಲು ಖಾಲಿ. ಖಾಲಿ ನೋಡಿ ಇಷ್ಟು ಸಮಾಧಾನ ಆಗಿದ್ದು ಇದೇ ಮೊದಲು.

ಒಂದು ಅನುಮಾನ. ನಮ್ಮ ಗುಂಪಿನ ಒಬ್ಬರು ‘ನಾನು ಮಹದೇವಪುರ ಕ್ಷೇತ್ರದ ಮತದಾರ, ಕರೆಂಟ್ ಬಿಲ್ ಬೆಸ್ಕಾಂದು, ಹಾಗಿದ್ಮೇಲೆ ನಾನು ಪಾಲಿಕೆಯವನೇ’ ಅಂತ ಪಟ್ಟು ಹಿಡಿದಿದಾರೆ. ದಿಶಾಂಕ್ ಆ್ಯಪ್‌ನಲ್ಲಿ ನೋಡಿದ್ರೆ ಅವರ ಜಾಗಕ್ಕೆ ಗ್ರಾಮ, ಹೋಬಳಿ ಅಂತ ತೋರಿಸತ್ತೆ. ಅಷ್ಟಿದ್ರೆ ಪಂಚಾಯಿತಿ ಅಂತ ತೀರ್ಮಾನ ಮಾಡಬಹುದಾ?

ಹೋಬಳಿ_ಕಡತ:

ಎರಡಕ್ಕೂ ಇಲ್ಲ ಅಮ್ಮಾ. ಸರ್ವೆ ಕೆಲಸ ಮಾಡಿದ ಅನುಭವದಿಂದ ಹೇಳ್ತೀನಿ.

ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲಿ ಪಾಲಿಕೆ ವಾರ್ಡುಗಳೂ ಇವೆ, ಪಂಚಾಯಿತಿಗಳೂ ಇವೆ. ಬೆಸ್ಕಾಂ ಅಂತೂ ಚಿತ್ರದುರ್ಗ, ದಾವಣಗೆರೆವರೆಗೂ ಇದೆ. ಈ ಎರಡರಿಂದ ಏನೂ ತಿಳಿಯಲ್ಲ.

ದಿಶಾಂಕ್ ತೋರಿಸೋದು ಕಂದಾಯ ಗ್ರಾಮ ಮತ್ತು ಸರ್ವೆ ನಂಬರ್. ಪಾಲಿಕೆಗೆ ಸೇರಿದ ಮೇಲೂ ಕಂದಾಯ ಗ್ರಾಮ ದಾಖಲೆಯಲ್ಲಿ ಉಳಿಯುತ್ತೆ. ಕೋರಮಂಗಲ ಕೂಡ ಬೇಗೂರು ಹೋಬಳಿಯ ಗ್ರಾಮವೇ, ಹಳೇ ಕ್ರಯಪತ್ರ ತೆಗೆದು ನೋಡಿ. ಆದ್ದರಿಂದ ‘ಗ್ರಾಮ’ ಅನ್ನೋ ಪದ ಕಂಡ ತಕ್ಷಣ ಪಂಚಾಯಿತಿ ಅಂದುಕೊಳ್ಳಬಾರದು. ಗ್ರಾಮದ ಹೆಸರು ತಿಳಿದ ಮೇಲೆ, ಆ ಗ್ರಾಮ ಯಾವ ಸಂಸ್ಥೆಗೆ ಸೇರಿದೆ ಅಂತ ಇನ್ನೊಂದು ಹೆಜ್ಜೆ ನೋಡಬೇಕು.

ನಂಬಬಹುದಾದ ಕಾಗದ ತೆರಿಗೆ ರಸೀದಿ. ಯಾರಿಗೆ ಕಂದಾಯ ಕಟ್ಟುತ್ತಾರೋ ದೀಪ ಹಾಕೋ ಜವಾಬ್ದಾರಿ ಅವರದು. ಪಂಚಾಯಿತಿ ಸ್ವತ್ತಾದರೆ ಇ-ಸ್ವತ್ತಿನ ನಮೂನೆ 9 ಅಥವಾ 11 ಇರುತ್ತೆ. ಪಾಲಿಕೆಯಾದರೆ ರಸೀದಿಯಲ್ಲಿ ವಾರ್ಡ್ ನಮೂದಾಗಿರುತ್ತೆ. ಆದರೆ ರಸೀದಿಯ ವರ್ಷ ನೋಡಿ. 2007ಕ್ಕೆ ಮುಂಚಿನ ಪಂಚಾಯಿತಿ ರಸೀದಿ ಇಟ್ಟುಕೊಂಡು ಇವತ್ತಿಗೂ ತಮ್ಮದು ಪಂಚಾಯಿತಿ ಅನ್ನೋರನ್ನ ನೋಡಿದ್ದೇನೆ. ಈ ವರ್ಷದ ರಸೀದಿಯೇ ಬೇಕು.

ನಿವೃತ್ತ_ಟಪಾಲು:

ಒಂದು ವಿನಂತಿ. ವ್ಯಾಪ್ತಿ ತಿಳಿಯಿತೆಂದು ಯಾರೂ ವಿಳಾಸದಿಂದ ‘ಬೆಂಗಳೂರು’ ತೆಗೆಯಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲೂ ವಿಳಾಸದ ಸಿಟಿ ಟ್ಯಾಗ್ ಅಂಚೆ ವಿಳಾಸಕ್ಕೆಂದೇ ಇರುವುದು, ಆಡಳಿತದ ಗಡಿ ಬೇರೆ ಗೆರೆ. ಮನೆ ಪಂಚಾಯಿತಿಯಲ್ಲಿದ್ದರೂ ಕಾಗದ ‘ವಿರ್ಗೋನಗರ ಅಂಚೆ, ಬೆಂಗಳೂರು 560049’ ಎಂದೇ ಬರಬೇಕು. ಇಲ್ಲದಿದ್ದರೆ ಅಮ್ಮನವರ ಪಿಂಚಣಿ ಕಾಗದ ಬೇರೆ ಆವಲಹಳ್ಳಿಗೆ ಹೋದೀತು.

ಬೀದಿದೀಪ_ಪಟ್ಟಿ:

ಖಂಡಿತ ಸರ್, ಮುಟ್ಟಿಲ್ಲ. ಶೀಟಿನಲ್ಲಿ ‘ಊರು’ ಅಂತ ಇದ್ದ ಒಂದೇ ಕಾಲಂ ಒಡೆದು ಮೂರು ಮಾಡಿದೆ: ‘ಅಂಚೆ’, ‘ಕಂದಾಯ ಗ್ರಾಮ’, ‘ಕಂದಾಯ ಕಟ್ಟೋದು ಯಾರಿಗೆ’. ದೂರು ಹೋಗೋದು ಮೂರನೇ ಕಾಲಂ ನೋಡಿ ಮಾತ್ರ. ಪಟ್ಟು ಹಿಡಿದಿದ್ದವರು ಈ ವರ್ಷದ ರಸೀದಿ ತಂದು ತೋರಿಸಿದ್ರು, ಪಂಚಾಯಿತಿದೇ. ಅವರೇ ಈಗ ಮಿಕ್ಕವರ ರಸೀದಿ ಕಲೆ ಹಾಕ್ತಿದಾರೆ.

ಅಮ್ಮನ ಬೀದಿಗೆ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು ಬಂದೆ. ಕಂಬದ ನಂಬರ್ ಕೇಳಿದ್ರು, ಅದು ನನ್ನ ಶೀಟಿನಲ್ಲಿ ಇರಲಿಲ್ಲ, ವಾಪಸ್ ಹೋಗಿ ಬರ್ಕೊಂಡು ಬಂದು ಕೊಟ್ಟೆ. ಈಗ ಅದಕ್ಕೂ ಒಂದು ಕಾಲಂ ಸೇರಿಸಿದೀನಿ.

ಒಂಬತ್ತು ಮನೆ ಮಾತ್ರ ಉಳಿದಿವೆ. ಗೆರೆ ಅವರ ರಸ್ತೆ ನಡುವೆಯೇ ಹೋಗತ್ತೆ, ಬಿಂದು ಒಮ್ಮೆ ಒಳಗೆ ಬೀಳತ್ತೆ, ಒಮ್ಮೆ ಹೊರಗೆ.

ಹೋಬಳಿ_ಕಡತ:

ಅಲ್ಲಿ ಫೋನಿನ ಜಿಪಿಎಸ್ ನಂಬಬೇಡಿ, ಕೆಲವು ಮೀಟರ್ ಆಚೀಚೆ ಆಗುತ್ತೆ. ಎರಡೂ ಬದಿಯ ಒಂದೊಂದು ಮನೆಯ ರಸೀದಿ ಮತ್ತು ಸರ್ವೆ ನಂಬರ್ ತಗೊಂಡು ಗ್ರಾಮ ನಕಾಶೆಯ ಮೇಲೆ ಇಡಿ. ಕಂಬ ಯಾವ ಬದಿಯಲ್ಲಿ ನೆಟ್ಟಿದೆ ಅನ್ನೋ ಫೋಟೋನೂ ಸೇರಿಸಿ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.